ಹೆಸರೆಂಬ ಸ್ವತ್ತು

ಮನುಷ್ಯನ ಸ್ವತ್ತುಗಳಲ್ಲಿ ಆತನು ಸಂಪಾದಿಸದೆ ಬಂದುದೂ ಸಾಯುವವರೆಗೆ ಬಿಟ್ಟುಹೋಗದುದೂ ಆದ ಸ್ವತ್ತು ಒಂದುಂಟು. ಅದು ಆತನ ಹೆಸರು. ಹೊಲವನ್ನು ಒತ್ತೆಯಿಡಬಹುದು, ಎತ್ತನ್ನು ಸಂತೆಗೆ ಹೊಡೆಯಬಹುದು, ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬಹುದು. ಹೆಸರನ್ನು ಮಾರುವ ಪೇಟೆಯಾಗಲಿ, ಅದನ್ನು ಹಂಚಿಕೊಡುವ ಪಂಚರಾಗಲಿ ಹಿಂದೆ ಇದ್ದುದನ್ನು ಯಾರೂ ಕೇಳಿರಲಿಲ್ಲ. ಆದುದರಿಂದಲೇ ಅದಕ್ಕೊಂದು ಬೀಗ ಬೇಕೆಂಬ ವಿಚಾರವೂ ಯಾರಿಗೂ ಹೊಳೆದಿರಲಿಲ್ಲ. ಕಲಬುರಗಿ ಜಿಲ್ಲೆಯ ಆಳಂದ ಸೀಮೆಯಲ್ಲಿ 2022ರ ಕೊನೆಯಿಂದ 2023ರ ಆರಂಭದವರೆಗೆ ನಡೆದ ಒಂದು ಪ್ರಸಂಗವು ಈ ನಿಶ್ಚಿಂತೆಯನ್ನು ಕದಡಿತು. ಆ ಪ್ರಸಂಗದ ರಾಜಕೀಯವನ್ನು ವೃತ್ತಪತ್ರಗಳು ಬೇಕಾದಷ್ಟು ಚರ್ಚಿಸಿವೆ. ಅದರೊಳಗೆ ಅಡಗಿದ ಬೇರೊಂದು ಪ್ರಶ್ನೆ, ಎಂದರೆ ಹೆಸರಿನ ಮೇಲಣ ಒಡೆತನದ ಪ್ರಶ್ನೆ, ಅಷ್ಟಾಗಿ ಚರ್ಚೆಗೆ ಬಂದಂತೆ ಕಾಣುವುದಿಲ್ಲ.

ಆಳಂದ ತಾಲೂಕಿನ ಜಿಡಗಾ ಎಂಬ ಊರನ್ನು ವಾಚಕರಲ್ಲಿ ಅನೇಕರು ಅಲ್ಲಿಯ ಮಠದಿಂದ ಬಲ್ಲರು. ಸೊಲ್ಲಾಪುರ ಅಕ್ಕಲಕೋಟೆಗಳ ಕಡೆಯ ಜನವೂ ಗಡಿಯನ್ನು ಗಣಿಸದೆ ಅಲ್ಲಿಗೆ ಬರುತ್ತದೆ. ಸುತ್ತ ಕಪ್ಪು ನೆಲ, ತೊಗರಿ, ಬಿಳಿಜೋಳ. ಇಂಥ ಊರಲ್ಲಿ ಗುಟ್ಟೆಂಬುದು ಹೆಚ್ಚು ಕಾಲ ಬಾಳುವುದಿಲ್ಲ. ಯಾರ ಮನೆಯಲ್ಲಿ ಯಾವ ಬೀಗರು ಬಂದರು, ಯಾರ ತೊಗರಿ ಯಾವ ದರಕ್ಕೆ ಹೋಯಿತು, ಯಾರು ಸಾಲಕ್ಕೆ ಯಾರ ಬಾಗಿಲು ತಟ್ಟಿದರು ಎಂಬುದು ಹೊತ್ತು ಮುಳುಗುವುದರೊಳಗೆ ಕಟ್ಟೆಯ ಮೇಲೆ ತೂಗಿ ನೋಡಲ್ಪಡುತ್ತದೆ. ಆದುದರಿಂದ ಖಾಸಗಿತನವೆಂಬುದು ಪಟ್ಟಣವಾಸಿಗಳ ಒಂದು ಹೊಸ ಶೋಕಿ, ಹಳ್ಳಿಗೆ ಅದರ ಗೊಡವೆ ಏತಕ್ಕೆ ಎಂದು ಕೇಳುವವರಿದ್ದಾರೆ. ಕೇಳುವವರಲ್ಲಿ ಕಲಿತವರೇ ಹೆಚ್ಚು.

ಈ ಆಕ್ಷೇಪದಲ್ಲಿ ಒಂದು ಭೇದವು ಮರೆತುಹೋಗಿದೆ. ಹಳ್ಳಿಯ ಅರಿವು ಪರಸ್ಪರವಾದುದು. ರಾಚಪ್ಪನ ಸಾಲವನ್ನು ಮಲ್ಲಪ್ಪನು ಬಲ್ಲನಾದರೆ ಮಲ್ಲಪ್ಪನ ವ್ಯಾಜ್ಯವನ್ನು ರಾಚಪ್ಪನೂ ಬಲ್ಲನು. ಒಬ್ಬನು ನಾಲಗೆಯನ್ನು ಹರಿಬಿಟ್ಟರೆ ಇನ್ನೊಬ್ಬನಿಗೂ ನಾಲಗೆಯುಂಟು. ಯಾರು ಆಡಿದರೆಂಬುದು ಎರಡು ದಿನದಲ್ಲಿ ಹೊರಬೀಳುತ್ತದೆ. ಎದುರು ನಿಂತು ಕೇಳುವುದಕ್ಕೂ ಬರುತ್ತದೆ. ಇಂದು ಪಡಿತರದ ಅಂಗಡಿಯಿಂದ ಬ್ಯಾಂಕಿನವರೆಗೆ, ಮೊಬೈಲಿನಿಂದ ಮತದಾರರ ಪಟ್ಟಿಯವರೆಗೆ ಮನುಷ್ಯನ ಹೆಸರು, ಜನ್ಮದಿನ, ಬೆರಳಿನ ಗುರುತು, ಠಿಕಾಣಿ ಇವೆಲ್ಲ ಎಲ್ಲಿಯೋ ಕೂಡಿಟ್ಟಿರುವುದಷ್ಟೆ. ಅಲ್ಲಿರುವ ಅರಿವು ಒಕ್ಕಣ್ಣಿನದು. ಅದು ಆತನನ್ನು ನೋಡುತ್ತದೆ, ಆತನು ಅದನ್ನು ನೋಡಲಾರನು. ಕಟ್ಟೆಯ ಮಾತಿಗೂ ಇದಕ್ಕೂ ಇರುವ ಅಂತರವು ದೀಪಕ್ಕೂ ಕಾಡುಗಿಚ್ಚಿಗೂ ಇರುವಷ್ಟೇ ದೊಡ್ಡದು.

ಹಿಂದಿನವರು ಗುಟ್ಟನ್ನು ಅರಿಯದವರೆಂಬ ಮಾತೂ ಪೂರ್ಣ ನಿಜವಲ್ಲ. ಅದರಲ್ಲಿಯೂ ಹೆಸರಿನ ಸಂಬಂಧದಲ್ಲಿ ಅವರು ಬಹಳ ಸೂಕ್ಷ್ಮರಾಗಿದ್ದರು. ಆಶ್ವಲಾಯನರ ಗೃಹ್ಯಸೂತ್ರದಲ್ಲಿ ಶಿಶುವಿಗೆ ಕರೆಯುವ ಹೆಸರಲ್ಲದೆ ಅಭಿವಾದನಕ್ಕೆ ತಕ್ಕ ಮತ್ತೊಂದು ಹೆಸರನ್ನಿಡುವ ವಿಧಿಯುಂಟು. ಉಪನಯನವಾಗುವ ತನಕ ಅದನ್ನು ತಾಯಿತಂದೆಗಳಿಬ್ಬರೇ ಬಲ್ಲವರಾಗಿರತಕ್ಕದ್ದು. ಹೆಸರು ತಿಳಿದವನಿಗೆ ಆ ಹೆಸರಿನವನ ಮೇಲೆ ಒಂದು ಹಿಡಿತ ಬರುತ್ತದೆಂದು ಪ್ರಾಚೀನರು ನಂಬಿದ್ದರೆಂದು ಪಂಡಿತರು ಊಹಿಸುತ್ತಾರೆ. ಇದು ಮೂಢನಂಬಿಕೆಯೆಂದು ನಗುತ್ತಿದ್ದವರ ಕೈಯಲ್ಲಿಯೇ ಈಗ ಆರಂಕಿಯ ಗುಪ್ತಸಂಖ್ಯೆಗಳು ಬಂದಿಳಿಯುತ್ತಿವೆ. ಅವನ್ನು ಯಾರಿಗೂ ಹೇಳಬಾರದೆಂದು ಬ್ಯಾಂಕಿನವರು ದಿನಕ್ಕೆ ಹತ್ತು ಸಲ ಎಚ್ಚರಿಸುತ್ತಾರೆ. ಇರಲಿ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪಿನಲ್ಲಿ ಹೆಣೆದು ಹೇಳುವ ರೂಢಿಯನ್ನು ಬಲ್ಲದವರಿಲ್ಲ. ಮದುವೆಯ ಮನೆಯಲ್ಲಿ ಅದಕ್ಕಾಗಿ ನಡೆಯುವ ಕಾಡಾಟವೇ ಒಂದು ಸೊಗಸು.

ಆದರೆ ಹೆಸರನ್ನು ಮುಚ್ಚಿಡುವುದರಿಂದಲೂ ಕೇಡಾದ ಕಾಲವುಂಟೆಂಬುದನ್ನು ನ್ಯಾಯವಾಗಿ ಹೇಳಬೇಕು. ಸ್ವತಂತ್ರ ಭಾರತದ ಮೊದಲನೆಯ ಸಾರ್ವತ್ರಿಕ ಚುನಾವಣೆಗೆ (1951-52) ಪಟ್ಟಿ ಸಿದ್ಧವಾಗುತ್ತಿದ್ದಾಗ, ಹೆಚ್ಚಾಗಿ ಉತ್ತರದ ಪ್ರಾಂತಗಳಲ್ಲಿ, ಅಸಂಖ್ಯ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಪ್ಪದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಯಿಸಿದರು. ಮೊದಲನೆಯ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಮತವು ವ್ಯಕ್ತಿಯದಾದ ಮೇಲೆ ಹೆಸರೂ ವ್ಯಕ್ತಿಯದೇ ಆಗಿರಬೇಕೆಂದು ಹಟ ಹಿಡಿದರು. ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ ಸುಮಾರು 28 ಲಕ್ಷ ಮಂದಿಯ ದಾಖಲೆಗಳು ಹೀಗೆ ತೆಗೆದುಹಾಕಲ್ಪಟ್ಟವು. ಆ ನಿರ್ಣಯವು ಕಠೋರವಾದುದೆಂದು ಅಂದು ಅನೇಕರು ಗೊಣಗಿದರು. ಅದರ ಹಿಂದಿನ ತತ್ತ್ವ ಮಾತ್ರ ಸರಿಯಾದುದು. ಹೆಣ್ಣಾಗಲಿ ಗಂಡಾಗಲಿ, ಹೆಸರನ್ನು ತಾನೇ ತನ್ನ ಬಾಯಿಂದ ಹೇಳಿದಾಗ ಆ ವ್ಯಕ್ತಿ ಪ್ರಜೆಯಾಗುತ್ತಾಳೆ ಅಥವಾ ಪ್ರಜೆಯಾಗುತ್ತಾನೆ. ಆಳಂದದಲ್ಲಿ ನಡೆದುದು ಇದಕ್ಕೆ ವಿಪರೀತ: ಹೇಳದವರ ಹೆಸರನ್ನು ಬೇರೆ ಯಾರೋ ಹೇಳಿಬಿಟ್ಟರು.

ಮತದಾರರ ಪಟ್ಟಿಯಿಂದ ಒಂದು ಹೆಸರನ್ನು ತೆಗೆಯಿಸಬೇಕಾದರೆ ಅದಕ್ಕೆ ನಮೂನೆ 7 ಎಂಬ ಅರ್ಜಿಯುಂಟು. ಇಂಥವನು ತೀರಿಕೊಂಡನು, ಇಂಥವನು ಊರು ಬಿಟ್ಟು ನೆಲಸಿದನು, ಇಂಥವನ ಹೆಸರು ಎರಡು ಕಡೆ ಇದೆ ಎಂದು ಅದೇ ಕ್ಷೇತ್ರದ ಇನ್ನೊಬ್ಬ ಮತದಾರನು ಅದನ್ನು ಸಲ್ಲಿಸಬಹುದು. ಕಾಗದದ ಮೇಲೆ ಸಲ್ಲಿಸುವುದು ಹಳೆಯ ಕ್ರಮ. ಅಂತರ್ಜಾಲದಲ್ಲಿ ಮೊಬೈಲಿನ ಮೂಲಕ ಸಲ್ಲಿಸುವುದು ಹೊಸ ಕ್ರಮ. 2022ರ ಡಿಸೆಂಬರದಲ್ಲಿ ಆಳಂದ ಕ್ಷೇತ್ರದಿಂದ ಇಂಥ ಅರ್ಜಿಗಳು ಅಂತರ್ಜಾಲದ ಮೂಲಕ 6,018 ಬಂದವು. ಒಂದೇ ಕ್ಷೇತ್ರದಲ್ಲಿ ಇಷ್ಟು ಜನ ಒಮ್ಮೆಗೇ ಸತ್ತರೆ? ಊರು ಬಿಟ್ಟರೆ? ಸಂಶಯ ಹುಟ್ಟಿತು.

ವೃತ್ತಪತ್ರಗಳಲ್ಲಿ ಬಂದ ವೃತ್ತಾಂತವು ಹೀಗಿದೆ. ಮತಗಟ್ಟೆಯ ಮಟ್ಟದ ಅಧಿಕಾರಿಣಿಯೊಬ್ಬರು ತಮಗೆ ಬಂದ ಅರ್ಜಿಗಳನ್ನು ನೋಡುತ್ತಿರಲು ತಮ್ಮ ಸಂಬಂಧಿಕನೊಬ್ಬನ ಹೆಸರೇ ತೆಗೆಯಬೇಕಾದವುಗಳಲ್ಲಿ ಕಂಡಿತು. ಆತನು ಊರಲ್ಲಿಯೇ ಇದ್ದನು, ಸುಖವಾಗಿದ್ದನು. ಅರ್ಜಿ ಹಾಕಿದವನೆಂದು ದಾಖಲಾದವನೂ ಅದೇ ಊರಿನವನು. ಆತನನ್ನು ಹೋಗಿ ಕೇಳಲಾಗಿ, ತಾನು ಯಾವ ಅರ್ಜಿಯನ್ನೂ ಹಾಕಿಲ್ಲ, ಹಾಕುವ ರೀತಿಯೂ ತನಗೆ ಗೊತ್ತಿಲ್ಲವೆಂದನು. ಅರ್ಜಿಯ ಜೊತೆಗಿದ್ದ ಮೊಬೈಲ್ ಸಂಖ್ಯೆಯೂ ಆತನದಲ್ಲ. ಇಬ್ಬರು ನೆರೆಯವರ ನಡುವೆ ಅವರಿಗೇ ತಿಳಿಯದಂತೆ ಒಂದು ವೈರವನ್ನು ಸೃಷ್ಟಿಸಿ ಇಟ್ಟಂತಾಗಿತ್ತು. ಆ ಅಧಿಕಾರಿಣಿಯು ವಿಚಾರಿಸದೆ ಬಿಟ್ಟಿದ್ದರೆ ಮತದಾನದ ದಿನ ಒಬ್ಬನು ಮತಗಟ್ಟೆಯಿಂದ ಹಿಂದಕ್ಕೆ ಬರುತ್ತಿದ್ದನು, ಇನ್ನೊಬ್ಬನು ಜನ್ಮವಿಡೀ ಆ ಪಾಪವನ್ನು ಹೊರುತ್ತಿದ್ದನು.

ತದನಂತರ ಮನೆಮನೆಗೆ ಹೋಗಿ ಎಲ್ಲ ಅರ್ಜಿಗಳ ಪರಿಶೀಲನೆ ನಡೆಯಿತು. 6,018ರಲ್ಲಿ ನಿಜವಾದುವು 24. ಮಿಕ್ಕ 5,994 ತಿರಸ್ಕೃತವಾದುವು, ಆ ಹೆಸರುಗಳು ಪಟ್ಟಿಯಲ್ಲಿಯೇ ಉಳಿದವು. 2023ರ ಫೆಬ್ರುವರಿ 21ರಂದು ಚುನಾವಣಾಧಿಕಾರಿಗಳೇ ಆಳಂದದ ಪೋಲೀಸ್ ಠಾಣೆಯಲ್ಲಿ ಫಿರ್ಯಾದು ದಾಖಲಿಸಿದರು. ಹೆಸರುಗಳು ಉಳಿದ ಮೇಲೆ ಆದ ನಷ್ಟವೇನು ಎಂದು ಕೆಲವರು ಕೇಳಿದುದುಂಟು. ಕನ್ನ ಕೊರೆದ ಗೋಡೆಯನ್ನು ತೋರಿಸಿ, ಪೆಟ್ಟಿಗೆಯು ಇಲ್ಲಿಯೇ ಇದೆಯಲ್ಲ ಎಂದು ಸಮಾಧಾನ ಹೇಳಿದಂತಾಯಿತು. ಇದೇ ಕ್ಷೇತ್ರದಲ್ಲಿ 2018ರ ಚುನಾವಣೆಯ ಜಯಾಪಜಯಗಳ ನಡುವಣ ಅಂತರವು ಕೇವಲ 697 ಮತಗಳೆಂಬುದನ್ನು ನೆನೆದರೆ 6,018ರ ತೂಕವು ತಿಳಿದೀತು.

ಈ ಸೀಮೆಯಲ್ಲಿ ಊರು ಬಿಟ್ಟನೆಂಬ ಸುಳ್ಳು ಬಹಳ ಸುಲಭವಾಗಿ ಸಲ್ಲುವ ಸುಳ್ಳು. ಮಳೆ ಕೈಕೊಟ್ಟ ವರ್ಷ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ದುಡಿಯಲು ಹೋಗುವ ಕುಟುಂಬಗಳು ಇಲ್ಲಿ ಬಹಳ. ಬಾಗಿಲಿಗೆ ಬೀಗ ಕಂಡ ಮಾತ್ರಕ್ಕೆ ಅವರು ಊರವರಲ್ಲವೆಂದು ಹೇಳಬಹುದೆ? ಸುಗ್ಗಿಗೆ ಬರುತ್ತಾರೆ, ಜಾತ್ರೆಗೆ ಬರುತ್ತಾರೆ, ಚುನಾವಣೆಗಂತೂ ಬಸ್ಸಿನ ಮಾಳಿಗೆಯ ಮೇಲೆ ಕುಳಿತಾದರೂ ಬರುತ್ತಾರೆ. ಅಂಥವನು ಬಂದು ನಿಂತಾಗ ಪಟ್ಟಿಯಲ್ಲಿ ಹೆಸರಿಲ್ಲವಾದರೆ ಆತನು ಯಾರನ್ನು ಕೇಳಬೇಕು?

ದಸ್ತಾವೇಜಿನ ಸಾಚಾತನವನ್ನು ಕುರಿತು ಈ ನೆಲದವನೇ ಆದ ಒಬ್ಬ ಮಹನೀಯನು ಸುಮಾರು ಒಂಬೈನೂರು ವರ್ಷಗಳ ಹಿಂದೆ ವಿಚಾರ ಮಾಡಿದ್ದಾನೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನೇ ಆತನು. ಕಲಬುರಗಿ ಜಿಲ್ಲೆಯ ಮರತೂರು ಆತನ ಊರೆಂದು ಇಲ್ಲಿಯ ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆತನು ಹೊಗಳಿದ ಕಲ್ಯಾಣಪಟ್ಟಣವೂ ಆಳಂದಕ್ಕೆ ದೂರವಲ್ಲ. ದಾಯಭಾಗದ ವಿಷಯದಲ್ಲಿ ಮಿತಾಕ್ಷರೆಯ ಹೆಸರನ್ನು ವಕೀಲರೆಲ್ಲರೂ ಬಲ್ಲರು. ಅದರಲ್ಲಿಯ ಲೇಖ್ಯಪ್ರಕರಣವನ್ನು ತೆರೆದು ನೋಡುವವರು ಈಗ ವಿರಳ. ಅಲ್ಲಿಯ ವಿಧಿಗಳ ಸಾರವಿಷ್ಟು: ಪತ್ರದಲ್ಲಿ ವರ್ಷ ಮಾಸ ಪಕ್ಷ ದಿನಗಳೂ ಉಭಯರ ಹೆಸರೂ ತಂದೆಯ ಹೆಸರೂ ಇರಬೇಕು. ಬರಹ ಮುಗಿದ ಮೇಲೆ ಸಾಲಗಾರನು, ಇಂಥವನ ಮಗನಾದ ತನಗೆ ಮೇಲೆ ಬರೆದುದು ಸಮ್ಮತವೆಂದು ತನ್ನ ಕೈಯಿಂದಲೇ ಬರೆಯಬೇಕು. ಸಾಕ್ಷಿಗಳೂ ಹಾಗೆಯೇ ತಮ್ಮ ಕೈಯಿಂದ ಬರೆಯಬೇಕು. ಕಟ್ಟಕಡೆಗೆ ಲೇಖಕನು, ಇಬ್ಬರ ಪ್ರಾರ್ಥನೆಯ ಮೇರೆಗೆ ಇಂಥವನ ಮಗನಾದ ತಾನು ಇದನ್ನು ಬರೆದೆನೆಂದು ತನ್ನ ಹೆಸರನ್ನು ಕಾಣಿಸಬೇಕು. ಸ್ವಹಸ್ತದಿಂದ ಬರೆದ ಪತ್ರವು ಸಾಕ್ಷಿಯಿಲ್ಲದಿದ್ದರೂ ಪ್ರಮಾಣ. ಆದರೆ ಬಲಾತ್ಕಾರದಿಂದಾಗಲಿ ವಂಚನೆಯಿಂದಾಗಲಿ ಆದುದು ಪ್ರಮಾಣವಲ್ಲ. ಸಂದೇಹ ಬಂದರೆ ಆತನ ಬೇರೆ ಬರಹದೊಡನೆ ಹೋಲಿಸಿ ನೋಡತಕ್ಕದ್ದು.

ಲೇಖಕನೂ ತನ್ನ ಹೆಸರನ್ನು ಕಾಣಿಸಬೇಕೆಂಬ ವಿಧಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಪತ್ರವನ್ನು ಬರೆದ ಕೈ ಯಾವುದೆಂಬುದು ಪತ್ರದಲ್ಲಿಯೇ ಇರತಕ್ಕದ್ದು. ಅದು ಮರೆಯಲ್ಲಿ ನಿಲ್ಲಬಾರದು. ಆಳಂದದ ಆರು ಸಾವಿರ ಅರ್ಜಿಗಳಲ್ಲಿ ಹೆಸರುಂಟು, ಊರುಂಟು, ಮತದಾರನ ಸಂಖ್ಯೆಯುಂಟು. ಬರೆದ ಕೈಯೊಂದು ಇಲ್ಲ. ಸ್ವಹಸ್ತದ ಬದಲಾಗಿ ಯಾರದೋ ಮೊಬೈಲಿಗೆ ಬಂದ ಗುಪ್ತಸಂಖ್ಯೆ. ಆ ಮೊಬೈಲು ಅರ್ಜಿದಾರನದೇ ಎಂದು ಕೇಳುವ ಏರ್ಪಾಡು ಅಂದು ಇರಲಿಲ್ಲ. ಒಂಬೈನೂರು ವರ್ಷಗಳ ಹಿಂದೆ ಒಬ್ಬ ಗ್ರಾಮಲೇಖಕನಿಗೆ ವಿಧಿಸಿದ ಎಚ್ಚರವು ಕೋಟಿಗಟ್ಟಲೆ ರೂಪಾಯಿ ಸುರಿದ ಯಂತ್ರಕ್ಕೆ ಹೊಳೆಯದೆ ಹೋದುದು ಸೋಜಿಗ.

ಯಂತ್ರಕ್ಕೂ ಒಂದು ಬಗೆಯ ಕೈಬರಹ ಉಂಟೆಂದು ಬಲ್ಲವರು ಹೇಳುತ್ತಾರೆ. ಯಾವ ಗಣಕದಿಂದ ಅರ್ಜಿ ಹೊರಟಿತೋ ಆ ಗಣಕವು ಜಾಲದಲ್ಲಿ ಸೇರಿದ ಠಿಕಾಣಿಗೆ ಒಂದು ಸಂಖ್ಯೆಯಿದೆ. ಗುಪ್ತಸಂಖ್ಯೆ ಯಾವ ಮೊಬೈಲಿಗೆ ಹೋಯಿತೆಂಬ ದಾಖಲೆಯೂ ಇದೆ. ತನಿಖೆಯವರು ಇವನ್ನೇ ಕೇಳಿದರು. ಕೈಯಲ್ಲಿದ್ದ ಮಾಹಿತಿಯನ್ನೆಲ್ಲ 2023ರ ಸೆಪ್ಟೆಂಬರದಲ್ಲಿಯೇ ಕೊಟ್ಟಾಗಿದೆಯೆಂದು ಆಯೋಗದ ಹೇಳಿಕೆ. ಬೇಕಾದುದು ಬರಲಿಲ್ಲವೆಂದು ಇನ್ನೊಂದು ಕಡೆಯ ದೂರು. 2025ರ ಸೆಪ್ಟೆಂಬರದಲ್ಲಿ ಈ ವಿವಾದವು ದೇಶವ್ಯಾಪಿಯಾಗಿ, ರಾಜ್ಯ ಸರ್ಕಾರವು ವಿಶೇಷ ತನಿಖಾ ದಳವನ್ನು ನೇಮಿಸಿತು. ಒಂದೊಂದು ಅರ್ಜಿಗೆ 80 ರೂಪಾಯಿಯಂತೆ ಕೂಲಿ ಸಂದಿದೆಯೆಂದು ಆ ದಳಕ್ಕೆ ತಿಳಿದುಬಂದಿರುವುದಾಗಿ ಅಕ್ಟೋಬರದಲ್ಲಿ ಪತ್ರಿಕೆಗಳು ಬರೆದವು. ಅಪರಾಧಿಗಳು ಯಾರೆಂಬುದನ್ನು ನ್ಯಾಯಾಸನವು ಹೇಳಬೇಕಲ್ಲದೆ ಲೇಖನಿಗಳು ಹೇಳಬಾರದು. ಆದರೆ ಆ ವರದಿಯು ನಿಜವಾದಲ್ಲಿ, ಹೆಸರಿಗೆ ಪೇಟೆಯಿಲ್ಲವೆಂದು ಮೇಲೆ ಬರೆದುದನ್ನು ಅಳಿಸಬೇಕಾಗುತ್ತದೆ. ಹೆಸರಿಗೆ ದರವೂ ನಿಗದಿಯಾಗಿದೆ.

ಈ ಎಲ್ಲ ವಾದವಿವಾದಗಳಲ್ಲಿ ಒಬ್ಬನನ್ನು ಯಾರೂ ಕೇಳಲಿಲ್ಲ. ಅರ್ಜಿದಾರನೆಂದು ಯಾರ ಹೆಸರು ಬಳಕೆಯಾಯಿತೋ ಆತನು. ತನ್ನ ಹೆಸರಿನಲ್ಲಿ ಏನೇನು ಸಲ್ಲಿಕೆಯಾಯಿತೆಂಬುದು ಎಲ್ಲರಿಗಿಂತ ಮೊದಲು ಆತನಿಗೆ ತಿಳಿಯಬೇಕಾಗಿತ್ತು. ತಿಳಿದುದು ಎಲ್ಲರಿಗಿಂತ ಕೊನೆಗೆ. ಖಾಸಗಿತನವೆಂದರೆ ಕದ ಮುಚ್ಚಿಕೊಂಡು ಕೂಡುವುದೆಂದು ಭಾವಿಸುವವರಿಗೆ ಈ ಪ್ರಸಂಗವು ಅರ್ಥವಾಗಲಾರದು. ಆ ಮನುಷ್ಯನು ಬಚ್ಚಿಟ್ಟುದೇನೂ ಇಲ್ಲ. ಆತನ ಹೆಸರು ಸಾರ್ವಜನಿಕವಾದ ಪಟ್ಟಿಯಲ್ಲಿ ಅಚ್ಚಾಗಿಯೇ ಇತ್ತು. ಆತನಿಂದ ಕಸಿದುಕೊಂಡುದು ಗುಟ್ಟನ್ನಲ್ಲ, ಮಾತನ್ನು. ಆತನು ಆಡದ ಮಾತನ್ನು ಆತನ ಬಾಯಲ್ಲಿಟ್ಟರು.

ಈ ತತ್ತ್ವಕ್ಕೆ ಭಾರತದ ನ್ಯಾಯಾಸನದಲ್ಲಿ ನೆಲೆ ದೊರೆತುದು ಒಬ್ಬ ಕನ್ನಡಿಗರ ಹೆಸರಿನಿಂದ. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದು ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು, ಆಧಾರ ಸಂಖ್ಯೆಯ ಯೋಜನೆಯು ಶಾಸನದ ಬಲವಿಲ್ಲದೆ ಜನರ ಬೆರಳ ಗುರುತುಗಳನ್ನು ಕೂಡಿಹಾಕುತ್ತಿದೆಯೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಕದ ತಟ್ಟಿದರು. ಆಗ ಅವರ ವಯಸ್ಸು 86. ಆ ವಯಸ್ಸಿನಲ್ಲಿ ಮನುಷ್ಯರು ಸಾಮಾನ್ಯವಾಗಿ ಮೊಮ್ಮಕ್ಕಳ ಮದುವೆಯನ್ನು ಚಿಂತಿಸುತ್ತಿರುತ್ತಾರೆ. ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರದ ವಕೀಲರು ವಾದಿಸಿದರು; 1954 ಮತ್ತು 1962ರ ಹಳೆಯ ತೀರ್ಪುಗಳು ಅವರ ಬೆನ್ನಿಗಿದ್ದವು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಏಕಕಂಠದಿಂದ, ಅದು ಮೂಲಭೂತ ಹಕ್ಕೇ ಸರಿ ಎಂದಿತು. ಮರುವರ್ಷದ ಸೆಪ್ಟೆಂಬರದಲ್ಲಿ ಆಧಾರವನ್ನು ಕುರಿತ ಬಹುಮತದ ತೀರ್ಪು ಅವರ ಇಚ್ಛೆಯಂತೆ ಪೂರ್ತಿ ಬರಲಿಲ್ಲ. ಯೋಜನೆಯು ಉಳಿಯಿತು, ಖಾಸಗಿ ಕಂಪನಿಗಳು ಆ ಸಂಖ್ಯೆಯನ್ನು ಕೇಳುವ ಅಧಿಕಾರಕ್ಕೆ ಮಾತ್ರ ಕಡಿವಾಣ ಬಿತ್ತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರದಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಂಖ್ಯೆಯೊಂದನ್ನು ಪ್ರತಿಭಟಿಸಿ ನಿಂತವರ ಹೆಸರು ಸಂವಿಧಾನದ ಗ್ರಂಥಗಳಲ್ಲಿ ಉಳಿದಿದೆ.

ಮತವೂ ಒಂದು ಮಾತೇ. ಯಾರನ್ನೂ ಒಪ್ಪೆನೆಂದು ಹೇಳುವ ಗುಂಡಿಯನ್ನು ಮತಯಂತ್ರದಲ್ಲಿ ಇಡಬೇಕೆಂದು 2013ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಮತ ಹಾಕುವುದು ಅಭಿಪ್ರಾಯವನ್ನು ವ್ಯಕ್ತಪಡಿಸುವ ಸ್ವಾತಂತ್ರ್ಯದ ಒಂದು ರೂಪವೆಂದೂ ಅದರ ಗೋಪ್ಯವನ್ನು ಕಾಯಬೇಕೆಂದೂ ಹೇಳಿದೆ. ಮಾತಿಗೆ ಅಪ್ಪಣೆ ಬೇಡುವ ಕಾಲವನ್ನು ಕಂಡ ಸೀಮೆಯಿದು. ಹೈದರಾಬಾದು ಸಂಸ್ಥಾನದಲ್ಲಿ ಗಸ್ತಿ 53 ಎಂಬ ಸುತ್ತೋಲೆಯಿಂದಾಗಿ ಮುಂಚಿತವಾಗಿ ಪರವಾನಿಗೆಯಿಲ್ಲದೆ ಸಭೆಗಳನ್ನು ಸೇರಿಸುವಂತಿರಲಿಲ್ಲ. 1948ರ ಸೆಪ್ಟೆಂಬರ 17ರ ತರುವಾಯ ಆ ಕಾಟವು ತಪ್ಪಿತು. ನಾಲ್ಕು ವರ್ಷ ತುಂಬುವುದರೊಳಗೆ ಇದೇ ಜನ ಸಾಲಾಗಿ ನಿಂತು ಮೊದಲ ಮತವನ್ನು ಹಾಕಿದರು. ಹಿಂದಿನ ಬಾಯಿಕಟ್ಟು ಎದುರಿಗೆ ನಿಂತಿರುತ್ತಿತ್ತು. ಅದರ ಮೇಲೆ ಮೊಹರು ಇರುತ್ತಿತ್ತು, ಸಹಿ ಇರುತ್ತಿತ್ತು. ಈಗಿನದಕ್ಕೆ ಮುಖವೇ ಇಲ್ಲ.

ಇನ್ನು ಪರಿಹಾರದ ಮಾತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿದೆ. ಸಮ್ಮತಿಯಿಲ್ಲದೆ ಮಾಹಿತಿಯನ್ನು ಬಳಸಬಾರದೆಂಬುದು ಅದರ ಮೂಲಸೂತ್ರ, ತನ್ನ ಅಂಗಸಂಸ್ಥೆಗಳಿಗೆ ಬೇಕಾದಾಗ ವಿನಾಯಿತಿ ಕೊಟ್ಟುಕೊಳ್ಳುವ ಅಧಿಕಾರವನ್ನು ಸರ್ಕಾರ ಅದರಲ್ಲಿಯೇ ಇಟ್ಟುಕೊಂಡಿದೆ. ಆಳಂದದ ಗದ್ದಲದ ತರುವಾಯ, 2025ರ ಸೆಪ್ಟೆಂಬರದಲ್ಲಿ, ಅಂತರ್ಜಾಲದಲ್ಲಿ ಅರ್ಜಿ ಹಾಕುವವನು ಆಧಾರಕ್ಕೆ ಸೇರಿಸಿದ ಮೊಬೈಲಿನ ಗುಪ್ತಸಂಖ್ಯೆಯಿಂದ ಸಹಿ ಮಾಡಬೇಕೆಂಬ ಏರ್ಪಾಡನ್ನು ಚುನಾವಣಾ ಆಯೋಗವು ತಂದಿತೆಂದು ವರದಿಯಾಯಿತು. ವಿಜ್ಞಾನೇಶ್ವರನ ಸ್ವಹಸ್ತಕ್ಕೆ ಇದು ಒಂದು ಹೆಜ್ಜೆ ಹತ್ತಿರವೆಂದು ಒಪ್ಪಬೇಕು. ಪರಂತು ಕಳವನ್ನು ತಡೆಯುವುದಕ್ಕಾಗಿ ಮನೆಯ ಮತ್ತೊಂದು ಕೀಲಿಯನ್ನೂ ಕಚೇರಿಗೆ ಒಪ್ಪಿಸಬೇಕಾಯಿತು. ಕೇಳಿದಷ್ಟನ್ನೂ ಕೊಟ್ಟು ನಿಶ್ಚಿಂತನಾಗುವವನು ಮೊದಲ ಕೀಲಿ ಹೇಗೆ ಕಳೆಯಿತೆಂಬುದನ್ನು ಕೇಳಲೇ ಇಲ್ಲವಷ್ಟೆ. ಆರು ಸಾವಿರ ಅರ್ಜಿಗಳಿಗೆ ಬೇಕಾದ ಹೆಸರು ಸಂಖ್ಯೆಗಳು ಒಂದೆಡೆ ರಾಶಿಯಾಗಿ ಯಾರ ಕೈಗೋ ಹೇಗೆ ಸಿಕ್ಕವು?

ಮೇಲಾಗಿ ಯಂತ್ರದ ಸಹಿಗೆ ಆಧಾರದ ಹೆಸರೂ ಮತದಾರರ ಪಟ್ಟಿಯ ಹೆಸರೂ ಒಂದಾಗಿರಬೇಕು. ಜಿಡಗಾದಂಥ ಊರಲ್ಲಿ ಮಠದ ಮೇಲಣ ಭಕ್ತಿಯಿಂದ ಸಿದ್ಧರಾಮನೆಂದು ಹೆಸರಿಟ್ಟುಕೊಂಡವರಿಗೆ ಕೊರತೆಯಿಲ್ಲ. ಅದೊಂದೇ ಹೆಸರು ಪಹಣಿಯಲ್ಲಿ ಸಿದ್ರಾಮಪ್ಪನಾಗಿ, ಶಾಲೆಯ ದಾಖಲೆಯಲ್ಲಿ ಸಿದ್ಧಾರಾಮನಾಗಿ, ಮತದಾರರ ಗುರುತುಪತ್ರದಲ್ಲಿ ಸಿದ್ದರಾಮನಾಗಿ, ಆಧಾರದಲ್ಲಿ ಇಂಗ್ಲಿಷ್ ಅಕ್ಷರಗಳ ದಾಟಿನಲ್ಲಿ ಇನ್ನೇನೋ ಆಗಿ ನಿಂತಿರುವುದು ಸಾಮಾನ್ಯ. ನಂಬರನ್ನು ಬದಲಾಯಿಸಿ ಪುಣೆಯಲ್ಲಿ ದುಡಿಯುತ್ತಿರುವವನ ಹಳೆಯ ಮೊಬೈಲ್ ಸಂಖ್ಯೆಯು ಈಗ ಬೇರೊಬ್ಬರ ಪಾಲಾಗಿರಲೂಬಹುದು. ಯಂತ್ರವು ಈತನನ್ನು ಈತನಲ್ಲವೆಂದೀತು. ಸತ್ಯವಾದ ದೂರಿದ್ದವನು ಆಗ ಕಾಗದದ ಅರ್ಜಿಯನ್ನು ಹಿಡಿದುಕೊಂಡು ಆಳಂದಕ್ಕೇ ನಡೆಯಬೇಕು. ಆ ದಾರಿಯನ್ನು ಮುಚ್ಚದೆ ಉಳಿಸುವುದು ಅವಶ್ಯ. ಹೆಸರು ತೆಗೆಯುವ ಮುನ್ನ ಆತನಿಗೆ ನೋಟೀಸು ಕೊಟ್ಟು ಆತನ ಮಾತನ್ನು ಕೇಳಬೇಕೆಂಬ ನಿಯಮವೂ ಇದೆ. 5,994 ಹೆಸರುಗಳು ಉಳಿದುದು ಆ ನಿಯಮದಿಂದ, ಬಿಸಿಲಲ್ಲಿ ಕೈಯಲ್ಲಿ ಹಾಳೆಗಳನ್ನು ಹಿಡಿದು ಮನೆಯಿಂದ ಮನೆಗೆ ಹೋಗಿ ಹೆಸರು ಹಿಡಿದು ಕೂಗಿದವರಿಂದ. ಅವರು ಹೊರಗಿನಿಂದ ಸಿದ್ರಾಮಣ್ಣಾ ಎಂದರೆ ಒಳಗಿನಿಂದ ಸಿದ್ಧರಾಮನೇ ಓಗೊಟ್ಟು ಹೊರಗೆ ಬರುತ್ತಾನೆ.